ಟ್ಯೂಬಿಗೆ ದುಡ್ಡಿದೆ, ಉಜ್ಜುವುದಕ್ಕಿಲ್ಲ

ಏಪ್ರಿಲ್ ಮುಗಿಯುತ್ತಾ ಬಂದ ಹಾಗೆ ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಹೋದ ಮಳೆಗಾಲದಲ್ಲಿ ಯಾರ ಬೆಡ್‌ರೂಮಿನ ಗೋಡೆಯ ಮೇಲೆ ಭಾರತದ ನಕ್ಷೆ ಮೂಡಿತ್ತು, ಯಾರ ಕಿಟಕಿಯ ಕೆಳಗೆ ಬಕೆಟ್ ಇಡಬೇಕಾಗಿ ಬಂತು ಎಂಬ ಲೆಕ್ಕವೆಲ್ಲ ಹೊರಗೆ ಬರುತ್ತದೆ. ಆಮೇಲೆ ಕಾಂಟ್ರಾಕ್ಟರುಗಳ ಕೊಟೇಶನ್ ಬರುತ್ತದೆ. ಎಲ್ಲದರಲ್ಲೂ ಒಂದೇ ಮಾತು: 'ಪಿಯು ಸೀಲೆಂಟ್, ಉತ್ತಮ ಕಂಪನಿಯದ್ದು, ಗ್ಯಾರಂಟಿ ಸಹಿತ.' ಪಿಯು ಅಂದರೆ ಪಾಲಿಯುರೆಥೇನ್. ಕಮಿಟಿಯವರು ಕಂಪನಿಯ ಹೆಸರು ನೋಡುತ್ತಾರೆ, ರನ್ನಿಂಗ್ ಫೂಟಿಗೆ ಎಷ್ಟು ಅಂತ ನೋಡುತ್ತಾರೆ, ಮೂರರಲ್ಲಿ ಕಡಿಮೆ ಇದ್ದವನಿಗೆ ಸಹಿ ಹಾಕುತ್ತಾರೆ. ಎರಡನೇ ಮಳೆಗಾಲಕ್ಕೆ ಮತ್ತೆ ಬಕೆಟ್!

ಆಗ ಎಲ್ಲರೂ ಬೈಯುವುದು ಸೀಲೆಂಟನ್ನು. 'ಮಾಲು ಡೂಪ್ಲಿಕೇಟ್' ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕಟ್ಟಡ ಕಂಪನಿಯೊಂದರ ಸೈಟ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಬಿಲ್ಲು ಪಾಸು ಮಾಡಿದವನು ನಾನು. ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ, ಹಾಳಾದ ಹತ್ತು ಸಂದುಗಳಲ್ಲಿ ಹೆಚ್ಚಿನವುಗಳಲ್ಲಿ ಮಾಲು ಚೆನ್ನಾಗಿಯೇ ಇತ್ತು. ಚೆನ್ನಾಗಿರದೇ ಇದ್ದದ್ದು ಅದರ ಹಿಂದಿದ್ದ ಗೋಡೆ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಸೋರುವ ಕಿಟಕಿಯ ಪಕ್ಕದ ಸೀಲೆಂಟನ್ನು ಒಂದು ತುದಿಯಲ್ಲಿ ಕತ್ತರಿಸಿ ಎಳೆಯಿರಿ. ರಬ್ಬರಿನ ಪಟ್ಟಿಯ ಹಾಗೆ ಉದ್ದಕ್ಕೆ ಇಡಿಯಾಗಿ ಎದ್ದು ಬಂತೇ? ಅದರ ಬೆನ್ನು ತಿರುಗಿಸಿ ನೋಡಿ. ಬೂದಿ ಬಳಿದ ಹಾಗೆ ಸಿಮೆಂಟಿನ ಧೂಳು, ಅಥವಾ ಹಳೆ ಬಣ್ಣದ ಚಕ್ಕೆ ಅಂಟಿಕೊಂಡಿರುತ್ತದೆ. ಅಂದರೆ ಸೀಲೆಂಟ್ ಧೂಳನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ, ಪಾಪ. ಧೂಳು ಗೋಡೆಯನ್ನು ಹಿಡಿದುಕೊಂಡಿಲ್ಲ. ಸೀಲೆಂಟೇ ಕಳಪೆಯಾಗಿದ್ದರೆ ಸಾಮಾನ್ಯವಾಗಿ ಅದು ನಡುವೆ ಸೀಳುತ್ತದೆ, ಅಂಚುಗಳು ಎರಡೂ ಬದಿಗೆ ಅಂಟಿಕೊಂಡೇ ಉಳಿಯುತ್ತವೆ. ಈ ಎರಡು ಸಾವಿಗೂ ಕಾರಣ ಬೇರೆ ಬೇರೆ. ಆದರೆ ಸೊಸೈಟಿಗಳಲ್ಲಿ ಪೋಸ್ಟ್‌ಮಾರ್ಟಮ್ ಮಾಡುವವರು ಯಾರು? ಕಿತ್ತು ಎಸೆದು, ಅದೇ ಧೂಳಿನ ಮೇಲೆ ಹೊಸ ಟ್ಯೂಬು ಒತ್ತುತ್ತಾರೆ.

ಈ ಪಾಲಿಯುರೆಥೇನ್ ಎಂಬ ವಸ್ತುವಿನ ಸ್ವಭಾವ ಸ್ವಲ್ಪ ತಿಳಿದರೆ ಮುಂದಿನದು ಸುಲಭ. 1937ರಲ್ಲಿ ಜರ್ಮನಿಯಲ್ಲಿ ಆಟೋ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದ ರಸಾಯನ ಇದು. ಮೆತ್ತೆ, ಶೂ, ಬಣ್ಣ, ಫ್ರಿಜ್ಜಿನ ಗೋಡೆಯೊಳಗಿನ ನೊರೆ, ಎಲ್ಲದರಲ್ಲೂ ಇದರ ಬಳಗದವರಿದ್ದಾರೆ. ನಾವು ಕಿಟಕಿಗೆ ಹಾಕುವ ಟ್ಯೂಬಿನ ಮಾಲು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಗಟ್ಟಿಯಾಗುವಂಥದ್ದು. ಮುಂಬಯಿಯ ಗಾಳಿಗೆ ತೇವದ ಕೊರತೆಯೇ? ಅದರ ಬಗ್ಗೆ ಚಿಂತೆಯಿಲ್ಲ. ಚಿಂತೆ ಇರುವುದು ಗೋಡೆಯ ನೀರಿನ ಬಗ್ಗೆ. ಇದರಲ್ಲಿರುವ ಐಸೊಸಯನೇಟ್ ಎಂಬ ಅಂಶ ನೀರಿನ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಸೋಡಾ ಬಾಟಲಿಯಲ್ಲಿರುವ ಅದೇ ಅನಿಲ. ತೇವ ನಿಧಾನವಾಗಿ ಗಾಳಿಯಿಂದ ಬಂದರೆ ಅನಿಲವೂ ನಿಧಾನವಾಗಿ ಹೊರಟುಹೋಗುತ್ತದೆ. ಗೋಡೆಯೇ ಒದ್ದೆಯಾಗಿದ್ದರೆ, ಎಲ್ಲಿ ಬಿಗಿಯಾಗಿ ಅಂಟಬೇಕೋ ಅಲ್ಲಿಯೇ ಗುಳ್ಳೆಗಳು ಏಳುತ್ತವೆ. ಹೊರಗಿನಿಂದ ನೋಡಿದರೆ ನುಣುಪಾದ ಪಟ್ಟಿ, ಒಳಗೆ ನೀರ್‌ದೋಸೆಯ ಹಾಗೆ ತೂತು ತೂತು.

ಈಗ ಒಂದು ಮುಖ್ಯ ವಿಷಯ. ನಮ್ಮ ಗಾರೆ ಕೆಲಸದವರ ಕೈ ಪಳಗಿರುವುದು ಇದಕ್ಕೆ ತದ್ವಿರುದ್ಧವಾದ ಪಾಠದಲ್ಲಿ. ಪ್ಲಾಸ್ಟರ್ ಮಾಡುವ ಮೊದಲು ಗೋಡೆಗೆ ನೀರು ಹೊಡೆಯಬೇಕು, ಇಲ್ಲದಿದ್ದರೆ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಸಿಮೆಂಟಿಗೆ ಅದು ನೂರಕ್ಕೆ ನೂರು ಸರಿ. ನಮ್ಮ ಪಕ್ಕದ ಕಟ್ಟಡದಲ್ಲಿ ಎರಡು ವರ್ಷದ ಹಿಂದೆ ಝೂಲಾ ಕಟ್ಟಿ ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬ ವಿಜಾಪುರದ ಕಡೆಯವನು, ಸಿಂದಗಿ ತಾಲ್ಲೂಕು. (ಮುಂಬಯಿಯ ಯಾವುದೇ ಸೈಟಿನಲ್ಲಿ ಹತ್ತು ನಿಮಿಷ ನಿಂತರೆ ಆ ಕಡೆಯ ಕನ್ನಡ ಕಿವಿಗೆ ಬೀಳದೇ ಇರುವುದಿಲ್ಲ. ನಮ್ಮ ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಮಾತ್ರ ಅದು ಬೀಳುವುದಿಲ್ಲ. ಇರಲಿ ಬಿಡಿ, ಅದು ಇನ್ನೊಂದು ದಿನದ ಬರಹ.) ಸೀಲೆಂಟ್ ಹಾಕುವ ಸಂದಿಗೆ ಅವನು ಮಗ್ಗಿನಿಂದ ನೀರು ಎರಚುತ್ತಿದ್ದ. ಯಾಕಪ್ಪಾ ನೀರು ಎಂದು ಕೇಳಿದೆ.

"ಹಿಂಗ್ಯಾಕ ಕೇಳ್ತೀರಿ ಸರ? ನೀರ ಹೊಡೀಲಾರದ ಗ್ವಾಡಿಗೆ ಗಿಲಾವ ಹಿಡೀತೈತೇನ್ರಿ? ಇದೂ ಹಂಗ ಅಲ್ಲೇನ್ರಿ?"

ಇದು ಗಿಲಾವ್ ಅಲ್ಲಪ್ಪಾ, ರಬ್ಬರಿನ ಜಾತಿ, ಒಣ ಗೋಡೆಯನ್ನೇ ಹಿಡಿಯುವುದು ಎಂದು ಗುಳ್ಳೆಯ ಕಥೆ ಹೇಳಿದೆ. ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅವನು ಆಮೇಲೆ ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ.

"ಖರೇ ಐತ್ರಿ. ಆದ್ರ ಅದು ಒಣಗೂತನಕ ನಾ ಮ್ಯಾಲೆ ಜೋತಾಡಕೋತ ಕುಂತ್ರ ನನಗ ಪಗಾರ ಯಾರ ಕೊಡ್ತಾರ್ರಿ?"

ನಾನು ಹೇಳಬೇಕೆಂದಿರುವುದೂ ಇದನ್ನೇ. ಅವನಿಗೆ ಕೂಲಿ ಸಿಗುವುದು ತುಂಬಿದ ಅಡಿಗೆ. ಉಜ್ಜಿದ ಅಡಿಗಲ್ಲ, ಒಣಗಲು ಕಾದ ಗಂಟೆಗಂತೂ ಅಲ್ಲ. ಏಳನೇ ಮಾಳಿಗೆಯಲ್ಲಿ ಹಗ್ಗಕ್ಕೆ ನೇತುಬಿದ್ದವನು ತಂತಿ ಬ್ರಶ್ ಹಿಡಿದು ಉಜ್ಜುವ ಒಂದೊಂದು ನಿಮಿಷವೂ ಅವನ ಜೇಬಿನಿಂದ ಹೋಗುತ್ತದೆ. ಹೀಗಿರುವಾಗ ಅವನು ಉಜ್ಜಬೇಕು ಎಂದು ನಾವು ಯಾವ ಬಾಯಿಂದ ಹೇಳುವುದು? ಖಜಾಂಚಿಗಳು ಹೇಳುವುದುಂಟು, 'ತಯಾರಿ ಎಲ್ಲ ರೇಟಿನಲ್ಲೇ ಸೇರಿದೆ' ಅಂತ. ಕೊಟೇಶನ್ನಿನಲ್ಲಿ ಸೇರಿರಬಹುದು ಮಾರಾಯರೇ, ಹಗ್ಗದ ಮೇಲಿರುವವನ ಕೂಲಿಯಲ್ಲಿ ಸೇರಿಲ್ಲ. ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಇಲ್ಲದ ಕೆಲಸ ಗೋಡೆಯ ಮೇಲೂ ನಡೆಯುವುದಿಲ್ಲ. ಇದು ಇಪ್ಪತ್ತೆರಡು ವರ್ಷ ಬಿಲ್ಲು ನೋಡಿದವನ ಮಾತು.

ಹಾಗಾದರೆ ಆ ಸಾಲಿನಲ್ಲಿ ಏನೇನು ಇರಬೇಕು?

ಮೊದಲನೆಯದು ಹಳೆಯದನ್ನು ತೆಗೆಯುವುದು. ಚಾಕುವಿನಲ್ಲಿ ಕೊಯ್ದು ಎಳೆದರೆ ಮುಗಿಯಲಿಲ್ಲ, ಅಂಚಿನಲ್ಲಿ ಉಳಿದ ತೆಳು ಪೊರೆಯೂ ಹೋಗಬೇಕು. ಅದರಲ್ಲೂ ಹಿಂದಿನವರು ಸಿಲಿಕೋನ್ ಹಾಕಿದ್ದರೆ ಬಹಳ ಹುಷಾರಾಗಿರಬೇಕು. ಸಿಲಿಕೋನಿನ ಜಿಡ್ಡಿನ ಮೇಲೆ ಪಿಯು ಹಿಡಿಯುವುದೇ ಇಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಅದು ಕಾಂಕ್ರೀಟಿನ ರಂಧ್ರಗಳಲ್ಲಿ ಕೂತಿರುತ್ತದೆ. ಗ್ರೈಂಡರ್ ಹಿಡಿದು ಮೇಲ್ಪದರವನ್ನೇ ತೆಗೆಯಬೇಕಾಗುತ್ತದೆ. ಅದಾಗದಿದ್ದರೆ ಆ ಸಂದಿಗೆ ಮತ್ತೆ ಸಿಲಿಕೋನನ್ನೇ ಹಾಕುವುದು ಮೇಲು. ಎಷ್ಟೋ ಕಟ್ಟಡಗಳಲ್ಲಿ ಒಬ್ಬರು ಸಿಲಿಕೋನ್, ಅದರ ಮೇಲೆ ಇನ್ನೊಬ್ಬರು ಪಿಯು, ಅದರ ಮೇಲೆ ಮತ್ತೊಬ್ಬರು ವೈಟ್ ಸಿಮೆಂಟು ಮೆತ್ತಿ ಮೂರು ತಲೆಮಾರಿನ ಇತಿಹಾಸ ನಿರ್ಮಿಸಿಟ್ಟಿದ್ದಾರೆ.

ಆಮೇಲೆ ಗಟ್ಟಿತನ. ಕಾಂಕ್ರೀಟು ಹಾಕುವಾಗ ಮೇಲಕ್ಕೆ ತೇಲಿ ಬಂದು ಒಣಗಿದ ಸಿಮೆಂಟಿನ ಹಾಲು ಒಂದು ತೆಳು ಪದರವಾಗಿ ಕೂತಿರುತ್ತದೆ. ನೋಡಲು ನುಣುಪು, ಉಗುರಿನಲ್ಲಿ ಕೆರೆದರೆ ಹಿಟ್ಟು. ಅದನ್ನು ತಂತಿ ಬ್ರಶ್ಶಿನಿಂದಲೋ ಗ್ರೈಂಡರಿನಿಂದಲೋ ತೆಗೆಯದಿದ್ದರೆ ಸೀಲೆಂಟ್ ಆ ಹಿಟ್ಟಿನ ಜೊತೆಯೇ ಎದ್ದು ಬರುತ್ತದೆ. ಹಳೆ ಡಿಸ್ಟೆಂಪರು, ಸಿಮೆಂಟ್ ಪೇಂಟು ಇವುಗಳದ್ದೂ ಇದೇ ಕಥೆ. ಕಿಟಕಿಯ ಸುತ್ತಲಿನ ಪ್ಲಾಸ್ಟರನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅಲ್ಲಿಯ ಪ್ಲಾಸ್ಟರೇ ಗೋಡೆ ಬಿಟ್ಟಿದೆ. ಅದನ್ನು ಒಡೆದು ಹೊಸದು ಕಟ್ಟಿ ಒಣಗಲು ಬಿಡಬೇಕು. ಹೊಸ ಕಾಂಕ್ರೀಟಿಗೆ 28 ದಿನ ಬಿಡುವುದು ವಾಡಿಕೆ.

ಉಜ್ಜಿದ ಮೇಲೆ ಧೂಳು. ಇಲ್ಲಿ ಒಳ್ಳೊಳ್ಳೆಯ ಕಾಂಟ್ರಾಕ್ಟರುಗಳೂ ಅವಸರ ಮಾಡುತ್ತಾರೆ. ಗ್ರೈಂಡರ್ ಹೊಡೆದ ಸಂದು ಮೊದಲಿಗಿಂತ ಹೆಚ್ಚು ಧೂಳಾಗಿರುತ್ತದೆ ಎಂಬುದು ಮರೆತುಹೋಗುತ್ತದೆ. ಒಣ ಬ್ರಶ್ಶಿನಿಂದ ಗುಡಿಸಿ, ಬ್ಲೋವರ್ ಹಿಡಿದು ಮೇಲಿನಿಂದ ಕೆಳಕ್ಕೆ ಊದಬೇಕು. ಕಂಪ್ರೆಸರಿನ ಗಾಳಿಯಾದರೆ ಅದರಲ್ಲಿ ಎಣ್ಣೆಯ ತುಂತುರು ಬರುತ್ತಿಲ್ಲವಷ್ಟೇ ಎಂದು ಮೊದಲು ಬಿಳಿ ಬಟ್ಟೆಯ ಮೇಲೆ ಊದಿ ನೋಡಬೇಕು. ಸಾಕಷ್ಟು ಶುಚಿಯಾಯಿತೋ ಇಲ್ಲವೋ ತಿಳಿಯಲು ನಾನು ಮಾಡುವುದಿಷ್ಟೆ: ಮಕ್ಕಳ ಕಂಪಾಸ್ ಬಾಕ್ಸಿನ ಸೆಲ್ಲೋಟೇಪನ್ನು ಸಂದಿನ ಗೋಡೆಗೆ ಒತ್ತಿ ಎಳೆಯುವುದು. ಟೇಪು ಬೆಳ್ಳಗಾಗಿ ಬಂದರೆ ಇನ್ನೂ ಆಗಿಲ್ಲ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಎದುರು ಮನೆಯ ಅಜ್ಜಿಯೂ ಮಾಡಬಹುದು. ಅಂದ ಹಾಗೆ, ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಗ್ರೈಂಡರ್ ಹಿಡಿದವನ ಮೂಗಿಗೆ ಕರ್ಚೀಫು ಸಾಲದು, ಸರಿಯಾದ ಮಾಸ್ಕ್ ಬೇಕು. ಅದನ್ನೂ ಆ ಸಾಲಿನಲ್ಲೇ ಬರೆಯಿಸಿ.

ಅಲ್ಯುಮಿನಿಯಂ ಫ್ರೇಮು, ಗಾಜು ಇವುಗಳದ್ದು ಬೇರೆ ಸಮಸ್ಯೆ. ಅಲ್ಲಿ ಧೂಳಿಗಿಂತ ಜಿಡ್ಡು ಹೆಚ್ಚು. ಅಡುಗೆಮನೆಯ ಕಿಟಕಿಯಾದರೆ ಕೇಳುವುದೇ ಬೇಡ, ಒಗ್ಗರಣೆಯ ಹೊಗೆ ವರ್ಷಾನುಗಟ್ಟಲೆ ಕೂತಿರುತ್ತದೆ. ಇದಕ್ಕೆ ನಮ್ಮವರ ಮದ್ದು ಸೀಮೆಎಣ್ಣೆ, ಇಲ್ಲವೇ ಪೇಂಟರನ ಡಬ್ಬಿಯಲ್ಲಿ ಉಳಿದ ಥಿನ್ನರ್. ಸೀಮೆಎಣ್ಣೆಯಿಂದ ಒರೆಸಿದ ಫ್ರೇಮು ಫಳಫಳ ಹೊಳೆಯುತ್ತದೆ ನಿಜ. ಹೊಳೆಯುವುದು ಯಾಕೆಂದರೆ ಎಣ್ಣೆಯ ಪೊರೆ ಅಲ್ಲೇ ಉಳಿದಿದೆ! ಪಾತ್ರೆಯ ಜಿಡ್ಡನ್ನು ತೊಳೆಯಲು ಇನ್ನೊಂದು ಎಣ್ಣೆ ಸುರಿದ ಹಾಗಾಯಿತು. ಸೀಲೆಂಟ್ ಕಂಪನಿಯವರು ಹೇಳಿದ ಕ್ಲೀನರನ್ನೇ ಬಳಸಬೇಕು, ಎರಡು ಬಟ್ಟೆ ಇಟ್ಟುಕೊಳ್ಳಬೇಕು. ಒಂದರಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ತೆಗೆದುಬಿಡಬೇಕು. ಒಂದೇ ಬಟ್ಟೆಯಾದರೆ ಜಿಡ್ಡು ಕರಗಿ ಫ್ರೇಮಿನ ಉದ್ದಕ್ಕೂ ಸಮಾನವಾಗಿ ಹಂಚಿಹೋಗುತ್ತದೆ, ಅಷ್ಟೆ. ಸ್ಪಿರಿಟ್ ಜಾತಿಯ ದ್ರಾವಣ ಬಳಸಿದರೆ ಪೂರ್ತಿ ಆರಿದ ಮೇಲೆಯೇ ಟ್ಯೂಬು ಎತ್ತಬೇಕು, ಯಾಕೆಂದರೆ ಆಲ್ಕೋಹಾಲು ತಾಗಿದ ಹಸಿ ಪಿಯು ಸರಿಯಾಗಿ ಗಟ್ಟಿಯಾಗುವುದಿಲ್ಲ.

ಒಣಗಿದೆಯೇ ಎಂದು ನೋಡಲು ಹಳೆಯ ಉಪಾಯವೊಂದಿದೆ. ಹದಿನೆಂಟು ಇಂಚು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಾಕಿ ಕಾಂಕ್ರೀಟಿಗೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡುವುದು. ಬಿಚ್ಚಿದಾಗ ಒಳಗೆ ಹನಿ ಕೂತಿದ್ದರೆ, ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಒಳಗೆ ನೀರಿದೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ 4263 ಎಂಬ ಪರೀಕ್ಷೆ ಇದೇ. ಟೆರೇಸಿಗೆ, ಪ್ಯಾರಾಪೆಟ್ಟಿಗೆ ಇದು ಸುಲಭ. ಖರ್ಚು ಒಂದು ಪ್ಲಾಸ್ಟಿಕ್ ಹಾಳೆ, ಸ್ವಲ್ಪ ಟೇಪು. ಆದರೆ 16 ಗಂಟೆ ಕಾಯಬೇಕಲ್ಲ...

ದೊಡ್ಡ ಸಂದುಗಳಿಗೆ ಒಳಗೆ ಬ್ಯಾಕರ್ ರಾಡ್ ಹಾಕಬೇಕು. ಬಿಳಿ ಅಥವಾ ಬೂದು ಬಣ್ಣದ ನೊರೆಯ ಹಗ್ಗದಂಥ ವಸ್ತು, ಸಂದಿಗಿಂತ ಕಾಲು ಭಾಗದಷ್ಟು ದಪ್ಪದ್ದನ್ನು ಒತ್ತಿ ತೂರಿಸುವುದು. ಇದು ಸೀಲೆಂಟ್ ಸಂದಿನ ತಳಕ್ಕೆ ಅಂಟದ ಹಾಗೆ ತಡೆಯುತ್ತದೆ. ಎರಡು ಬದಿಗೆ ಮಾತ್ರ ಅಂಟಿದ ಸೀಲೆಂಟ್ ಕಟ್ಟಡ ಬಿಸಿಲಿಗೆ ಹಿಗ್ಗಿ ಕುಗ್ಗಿದಾಗ ತಾನೂ ಹಿಗ್ಗಿ ಕುಗ್ಗುತ್ತದೆ. ತಳಕ್ಕೂ ಅಂಟಿದರೆ ಕೈಕಾಲು ಕಟ್ಟಿಹಾಕಿದ ಹಾಗೆ, ಹರಿದುಹೋಗುತ್ತದೆ. ಇದರಿಂದ ಮಾಲೂ ಉಳಿಯುತ್ತದೆ. ಲೆಕ್ಕ ನೋಡಿ: 20 ಮಿ.ಮೀ. ಅಗಲದ ಸಂದಿಗೆ 10 ಮಿ.ಮೀ. ಆಳ ತುಂಬಿದರೆ 600 ಮಿ.ಲೀ. ಪ್ಯಾಕು ಮೂರು ಮೀಟರ್ ಬರುತ್ತದೆ. ರಾಡ್ ಇಲ್ಲದೆ 20 ಮಿ.ಮೀ. ಆಳ ತುಂಬಿದರೆ ಬರುವುದು ಒಂದೂವರೆ ಮೀಟರ್. ಇಷ್ಟಾಗಿಯೂ ಸಂದು ಬಿಚ್ಚಿದಾಗ ನನಗೆ ಕಂಡದ್ದು ಹಳೆ ಮರಾಠಿ ಪೇಪರು, ಥರ್ಮೋಕೋಲಿನ ಚೂರು, ಸಿಮೆಂಟ್ ಚೀಲದ ತುಂಡು. ಒಮ್ಮೆ ಒಂದು ಕಾಲುಚೀಲ ಕೂಡ.

ಪ್ರೈಮರ್ ಬಗ್ಗೆ ಒಂದು ಮಾತು. ಗೋಡೆಗೆ ಪೇಂಟರು ಹೊಡೆಯುವ ಪ್ರೈಮರೇ ಬೇರೆ, ಸೀಲೆಂಟಿನ ಪ್ರೈಮರೇ ಬೇರೆ. ಎರಡನೆಯದು ಆಯಾ ಸೀಲೆಂಟಿಗೆ ಕಂಪನಿಯೇ ಕೊಡುವಂಥದ್ದು, ಕಾಂಕ್ರೀಟಿನಂಥ ಹೀರುವ ಮೈಗೆ ಹೆಚ್ಚಾಗಿ ಬೇಕಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಆರಲು ಬಿಡಬೇಕು. ಬೆಳಿಗ್ಗೆ ಬಳಿದು, ಬೇರೆ ಕೆಲಸಕ್ಕೆ ಹೋಗಿ ಮಾರನೇ ದಿನ ಬಂದು ತುಂಬಿದರೆ ಮೇಲೆ ಒಂದು ದಿನದ ಮುಂಬಯಿ ಧೂಳು ಸೇರಿರುತ್ತದೆ. ಶುಚಿ ಮಾಡದೆ ಪ್ರೈಮರ್ ಬಳಿದರೆ ಧೂಳಿಗೆ ಗಂಧ ಪೂಸಿದ ಹಾಗೆ. ಮಾಸ್ಕಿಂಗ್ ಟೇಪು ಹಚ್ಚುವುದು ಅಂದಕ್ಕೆ. ಮೇಲೆ ಪೊರೆ ಕಟ್ಟುವ ಮೊದಲು ಎಳೆದುಬಿಟ್ಟರಾಯಿತು.

ಇಷ್ಟೆಲ್ಲಾ ಓದಿ 'ಒಂದು ಕಿಟಕಿಗೆ ಇಷ್ಟು ಪಂಚಾಂಗವೇ' ಅನ್ನಿಸಬಹುದು. ನಾಲ್ಕು ಅಡಿ ಅಗಲ ಐದು ಅಡಿ ಎತ್ತರದ ಕಿಟಕಿಯ ಸುತ್ತಳತೆ ಐದೂವರೆ ಮೀಟರ್. ಆರು ಮಿ.ಮೀ. ಅಗಲ, ಅಷ್ಟೇ ಆಳ ತುಂಬಿದರೆ 300 ಮಿ.ಲೀ. ಟ್ಯೂಬಿನಲ್ಲಿ ಒಂದೂವರೆ ಕಿಟಕಿ ಮುಗಿಯುತ್ತದೆ. ತುಂಬಲು ಹತ್ತು ನಿಮಿಷ. ಉಜ್ಜಿ, ಊದಿ, ಒರೆಸಿ, ಟೇಪು ಹಾಕಲು ಒಂದು ಗಂಟೆಯ ಮೇಲೆಯೇ ಬೇಕು. ಅಂದರೆ ಕೆಲಸದ ಬಹುಪಾಲು ತಯಾರಿಯೇ, ಟ್ಯೂಬು ಒತ್ತುವುದು ಕೊನೆಯ ಹತ್ತು ನಿಮಿಷ. ನಾವು ದುಡ್ಡು ಕೊಡುವುದು ಆ ಹತ್ತು ನಿಮಿಷಕ್ಕೆ.

ಇದು ಬರೀ ಗೋಡೆಯ ಕಲೆಯ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ ಊರು ಇದು. ನೈಋತ್ಯದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಸಂದಿಯಲ್ಲಿ ನುಗ್ಗಿದ ನೀರು ಒಳಗಿನ ಕಬ್ಬಿಣಕ್ಕೆ ತಲುಪಿದರೆ ತುಕ್ಕು, ತುಕ್ಕು ಹಿಡಿದ ಕಬ್ಬಿಣ ಮೂಲಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆಮೇಲೆ ಛಜ್ಜಾದ ತುಂಡು ಕೆಳಗೆ ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳ ಮೇಲೆ ಬೀಳುವುದಕ್ಕೆ ಹೆಚ್ಚು ಸಮಯ ಬೇಕಾಗಿಲ್ಲ. ಇನ್ನೊಂದೆಂದರೆ, ಸರಿಯಾಗಿ ಒಮ್ಮೆ ಆಗಬೇಕಾದ ಕೆಲಸ ಮೂರು ಸಲ ಆದರೆ ಆ ಹಗ್ಗದ ಮೇಲೆ ಅವನು ಮೂರು ಸಲ ಹತ್ತಬೇಕು. ನಮ್ಮ ಉಳಿತಾಯದ ಅಪಾಯ ಯಾರ ತಲೆಯ ಮೇಲೆ ಎಂದು ಎಜಿಎಮ್ಮಿನಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ.

ಊರಿನಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮವರಿಗೂ ಇದು ಅನ್ವಯ. ಉಡುಪಿ, ಕುಂದಾಪುರದ ಕಡೆ ಈಗ ಮುರಕಲ್ಲಿನ ಗೋಡೆಗೆ ದೊಡ್ಡ ದೊಡ್ಡ ಅಲ್ಯುಮಿನಿಯಂ ಕಿಟಕಿ ಕೂರಿಸುತ್ತಾರೆ. ಮುರಕಲ್ಲು ನೀರು ಹೀರುವ ಕಲ್ಲು, ಮೈ ತುಂಬಾ ತೂತು. ಬರಿಗಲ್ಲಿಗೆ ನೇರ ಸೀಲೆಂಟ್ ಮೆತ್ತುವ ಬದಲು ಅಂಚನ್ನು ಪ್ಲಾಸ್ಟರಿನಿಂದ ಗಟ್ಟಿಯಾಗಿ ಕಟ್ಟಿಸಿ, ಚೆನ್ನಾಗಿ ಒಣಗಲು ಬಿಡಿ. ಇಲ್ಲಿಂದ ಫೋನಿನಲ್ಲಿ ಮೇಲ್ವಿಚಾರಣೆ ಮಾಡುವವರು 'ಸೀಲೆಂಟ್ ಆಯ್ತಾ' ಎಂದು ಕೇಳುತ್ತೀರಿ. ಅದರ ಬದಲು ತುಂಬುವ ಮೊದಲಿನ ಸಂದಿನ ಫೋಟೋ ಕಳಿಸಲು ಹೇಳಿ.

ನನ್ನ ಸೊಸೈಟಿಯಲ್ಲಿ ಹೋದ ವರ್ಷ ಹಟ ಹಿಡಿದು ಮೂರು ಬದಲಾವಣೆ ಮಾಡಿಸಿದೆ. ತಯಾರಿಗೆ ಪ್ರತ್ಯೇಕ ರೇಟು, ಅದೂ ದಿನಗೂಲಿಯ ಲೆಕ್ಕದಲ್ಲಿ, ಅಡಿಯ ಲೆಕ್ಕದಲ್ಲಲ್ಲ. ಕಮಿಟಿಯ ಒಬ್ಬರು ಸೆಲ್ಲೋಟೇಪು ಒತ್ತಿ ನೋಡದೆ ಟ್ಯೂಬು ಬಿಚ್ಚುವಂತಿಲ್ಲ. ಕೆಲಸ ಶುರು ಫೆಬ್ರವರಿಯಲ್ಲಿ. ಮೇ ಕೊನೆಗೆ ಕೆಲಸದವರೇ ಸಿಗುವುದಿಲ್ಲ, ಸಿಕ್ಕವರಿಗೂ ಪುರಸೊತ್ತಿರುವುದಿಲ್ಲ. ಪಿಯು ದಿನಕ್ಕೆ ಎರಡು ಮೂರು ಮಿ.ಮೀ. ಮಾತ್ರ ಒಳಗೆ ಗಟ್ಟಿಯಾಗುತ್ತಾ ಹೋಗುವ ವಸ್ತು. ಜೂನ್ ಎರಡನೇ ವಾರ ಮಳೆ ಬರುವ ಊರಿನಲ್ಲಿ ಜೂನ್ ಎಂಟಕ್ಕೆ ಹತ್ತು ಮಿ.ಮೀ. ತುಂಬಿಸಿದರೆ ಯಾರನ್ನು ಬೈಯುವುದು? ಒಟ್ಟು ಖರ್ಚು ಕಡಿಮೆ ಕೊಟೇಶನ್ನಿಗಿಂತ ಹೆಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಖಜಾಂಚಿಯವರು ಎರಡು ತಿಂಗಳು ಲಿಫ್ಟಿನಲ್ಲಿ ನನ್ನ ಮುಖ ನೋಡಲಿಲ್ಲ.

ಕೊನೆಯ ಕಂತಿನ ಚೆಕ್ಕು ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿಸಿ. ಮೂರು ವಾರ ಕಳೆದ ಮೇಲೆ, ನಾಲ್ಕೈದು ಕಡೆ ಸೀಲೆಂಟನ್ನು ಅಡ್ಡಕ್ಕೆ ಕತ್ತರಿಸಿ, ಎರಡೂ ಬದಿಯಲ್ಲಿ ಎರಡು ಮೂರು ಇಂಚು ಬಿಡಿಸಿ, ಆ ತುದಿ ಹಿಡಿದು ನೆಟ್ಟಗೆ ಎಳೆಯುವುದು. ಎಎಸ್‌ಟಿಎಂ ಸಿ 1521ರಲ್ಲಿ ಹೇಳಿರುವ ಕೈ ಪರೀಕ್ಷೆ ಇದು. ಚೂಯಿಂಗ್ ಗಮ್ಮಿನ ಹಾಗೆ ಹಿಗ್ಗಿ, ಗೋಡೆ ಬಿಡದೆ, ನಡುವೆ ಹರಿದರೆ ಚೆಕ್ಕು ಬರೆಯಬಹುದು. ಸದ್ದಿಲ್ಲದೆ ಇಡಿಯಾಗಿ ಎದ್ದು ಬಂದರೆ ಪೆನ್ನು ಜೇಬಿಗೆ ಹಾಕಿಕೊಳ್ಳಿ. ಕತ್ತರಿಸಿದ ಜಾಗ ಹಾಳಾಯಿತೆಂಬ ಚಿಂತೆ ಬೇಡ, ಅದೇ ಮಾಲಿನಿಂದ ಮತ್ತೆ ತುಂಬಿದರೆ ಹಳೆ ಪಿಯುವಿಗೆ ಹೊಸ ಪಿಯು ಹಿಡಿದುಕೊಳ್ಳುತ್ತದೆ. ಅಂಚನ್ನು ಮೊದಲು ಒರೆಸಿದ್ದರೆ ಮಾತ್ರ!